ಹಳೆ ಕಾರು ಕೊಂಡು, ರಿಪೇರಿ ಮಾಡಿ ಲಾಭಕ್ಕೆ ಮಾರುವ ಟಿವಿ ಶೋಗಳು ಎಷ್ಟು ನಿಜ?

ರಿಪೇರಿ ಬಹುಮಟ್ಟಿಗೆ ನಿಜ, ಲಾಭದ ಲೆಕ್ಕ ಮಾತ್ರ ಅರ್ಧ. 2003ರಲ್ಲಿ ಶುರುವಾದ ಬ್ರಿಟನ್ನಿನ ‘ವೀಲರ್ ಡೀಲರ್ಸ್’ ನೋಡಿ. ಕಾರು ಕೊಂಡ ಬೆಲೆಗೆ ಬಿಡಿಭಾಗಗಳ ಖರ್ಚು ಕೂಡಿಸಿ, ಮಾರಿದ ಬೆಲೆಯಿಂದ ಕಳೆದು ಲಾಭ ತೋರಿಸುತ್ತಾರೆ. ಮೆಕ್ಯಾನಿಕ್ ದುಡಿದ ಕೂಲಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹಳೆ ಕಾರಿನಲ್ಲಿ ದುಡ್ಡು ತಿನ್ನುವುದು ಅದೇ ಕೂಲಿ.

ನಮ್ಮ ಕಾರವಾರದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸಮುದ್ರದ ಉಪ್ಪುಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆ. ಹೊರಗೆ ಹೊಳೆಯುವ ಹಳೆ ಪದ್ಮಿನಿ ಕಾರಿನ ಮ್ಯಾಟ್ ಎತ್ತಿದರೆ, ಕೆಳಗಿನ ತಗಡು ಹಪ್ಪಳದ ಹಾಗೆ ಮುರಿಯಬಹುದು. ತುಕ್ಕು ಹಿಡಿದ ಭಾಗ ಕತ್ತರಿಸಬೇಕು, ಹೊಸ ತಗಡು ವೆಲ್ಡಿಂಗ್ ಮಾಡಬೇಕು, ಪುಟ್ಟಿ ಹಚ್ಚಿ ಉಜ್ಜಬೇಕು, ಆಮೇಲೆ ಬಣ್ಣ. ವಾರಗಟ್ಟಲೆ ಕೆಲಸ. ತಗಡಿನ ಬೆಲೆ ಕಡಿಮೆ, ಟಿಂಕರಿಂಗ್, ಅಂದರೆ ತಗಡಿನ ಕೆಲಸದ ಕೂಲಿಯೇ ಜಾಸ್ತಿ. ಟಿವಿಯಲ್ಲಿ ಇದೆಲ್ಲ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ, ಅಲ್ವಾ?

ಹಾಗಂತ ಅವು ಸುಮ್ನೆ ನಾಟಕ ಅಲ್ಲ. ಎಂಜಿನ್ ಬಿಚ್ಚುವುದು, ಬ್ರೇಕ್ ಸರಿಮಾಡುವುದನ್ನು ಬಿಡಿಸಿ ತೋರಿಸುತ್ತಾರೆ. ನನಗೆ ಅವು ತುಂಬಾ ಇಷ್ಟ. ಇಲ್ಲಿ ಹಳೆ ಕಾರು ಕೊಳ್ಳುವುದಾದರೆ ಮೊದಲು ಒಳ್ಳೆಯ ಟಿಂಕರ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಕೂಲಿ ಎಷ್ಟಾಗಬಹುದೆಂದು ಕೇಳಿಕೊಂಡೇ ಬೆಲೆ ಮಾತಾಡಿ.