ಪ್ರತಿಕ್ರಿಯೆ: ಎ.ಎಫ್.ಡಿ. ಮತ್ತು ಪೆಗಿಡಾ ನಂಟಿನ ಕುರಿತು

ನಮಸ್ಕಾರ. ಯೂರೋ ನಾಣ್ಯವನ್ನು ವಿರೋಧಿಸಲೆಂದು ಹುಟ್ಟಿದ ಜರ್ಮನಿಯ ಎ.ಎಫ್.ಡಿ. (ಜರ್ಮನಿಗಾಗಿ ಪರ್ಯಾಯ) ಪಕ್ಷಕ್ಕೂ ಇಸ್ಲಾಂ ವಿರೋಧಿ ಪೆಗಿಡಾ ಚಳವಳಿಗೂ ಅಧಿಕೃತ ಮೈತ್ರಿ ಇತ್ತೇ ಎಂದು ತಾವು ಕೇಳಿದ್ದೀರಿ. ಲಿಖಿತ ಒಪ್ಪಂದವೇನೂ ಇರಲಿಲ್ಲ. ಆದರೆ ಅಷ್ಟಕ್ಕೇ ನಂಟಿರಲಿಲ್ಲ ಎನ್ನಲಾಗದು.

2013ರಲ್ಲಿ ಪಕ್ಷ ಕಟ್ಟಿದವರಲ್ಲಿ ಪ್ರಮುಖರಾದ ಬೆರ್ಂಡ್ ಲುಕೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು. 2014ರ ಅಕ್ಟೋಬರಿನಲ್ಲಿ ಡ್ರೆಸ್ಡೆನ್ನಿನಲ್ಲಿ ಆರಂಭವಾದ ಪೆಗಿಡಾ, 1989ರಲ್ಲಿ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಮೊಳಗಿದ್ದ ‘ನಾವೇ ಜನತೆ’ ಎಂಬ ಘೋಷಣೆಯನ್ನೂ ಸೋಮವಾರ ಸಂಜೆಯ ಮೆರವಣಿಗೆಯ ರೂಢಿಯನ್ನೂ ತನ್ನದಾಗಿಸಿಕೊಂಡಿತು. (ಜಾಣತನದ ಆಯ್ಕೆಯೇ ಸರಿ.) ಅದೇ ಡಿಸೆಂಬರಿನಲ್ಲಿ ಎ.ಎಫ್.ಡಿ. ನಾಯಕ ಅಲೆಕ್ಸಾಂಡರ್ ಗೌಲಾಂಡ್ ಆ ಮೆರವಣಿಗೆಯನ್ನು ಖುದ್ದಾಗಿ ನೋಡಿಬಂದರು, ಮರುತಿಂಗಳು ಪಕ್ಷದ ಮತ್ತೊಬ್ಬ ನಾಯಕಿ ಫ್ರೌಕೆ ಪೆಟ್ರಿ ಮತ್ತು ಡ್ರೆಸ್ಡೆನ್ ಇರುವ ಸ್ಯಾಕ್ಸನಿ ರಾಜ್ಯದ ಶಾಸನಸಭೆಯ ಅವರ ಸಹೋದ್ಯೋಗಿಗಳು ಸಂಘಟಕರನ್ನು ಭೇಟಿಯಾದರು. 2015ರ ಜುಲೈನಲ್ಲಿ ಪಕ್ಷದ ನಾಯಕತ್ವದ ಚುನಾವಣೆಯಲ್ಲಿ ಪೆಟ್ರಿಯವರೆದುರು ಸೋತ ಲುಕೆ ಪಕ್ಷವನ್ನೇ ತೊರೆದರು.

ನನ್ನ ದೃಷ್ಟಿಯಲ್ಲಿ ಗಮನಿಸಬೇಕಾದದ್ದು ಮುಂದಿನ ಹೊಯ್ದಾಟ. ಪೆಗಿಡಾ ವೇದಿಕೆಯಲ್ಲಿ ಪಕ್ಷದವರು ಮಾತನಾಡಕೂಡದೆಂದು 2016ರಲ್ಲಿ ಪಕ್ಷದ ರಾಷ್ಟ್ರೀಯ ಮಂಡಳಿ ನಿರ್ಬಂಧ ವಿಧಿಸಿತಾದರೂ, ಇಸ್ಲಾಂ ಜರ್ಮನಿಗೆ ಸೇರಿದ್ದಲ್ಲ ಎಂಬ ನಿಲುವು ಅದೇ ವರ್ಷ ಪಕ್ಷದ ಪ್ರಣಾಳಿಕೆಯೊಳಗೆ ಬಂದಿತ್ತು. 2018ರಲ್ಲಿ ನಿರ್ಬಂಧವನ್ನು ಸಡಿಲಿಸಲಾಯಿತು. ಆ ಸೆಪ್ಟೆಂಬರ್ 1ರಂದು ಸ್ಯಾಕ್ಸನಿಯ ಕೆಮ್ನಿಟ್ಸ್ ನಗರದಲ್ಲಿ, ಚೂರಿ ಇರಿತಕ್ಕೆ ಬಲಿಯಾದ ವ್ಯಕ್ತಿಯೊಬ್ಬರ ಹೆಸರಿನಲ್ಲಿ ನಡೆದ ‘ಶೋಕ ಮೆರವಣಿಗೆ’ಯಲ್ಲಿ ಕಪ್ಪು ಉಡುಪು ತೊಟ್ಟು ಬಿಳಿ ಗುಲಾಬಿ ಧರಿಸಿದ ಪಕ್ಷದ ನಾಯಕ ಬ್ಯೋರ್ನ್ ಹ್ಯೋಕೆ ಇದ್ದಂತೆಯೇ ಪೆಗಿಡಾ ಸ್ಥಾಪಕ ಲುಟ್ಸ್ ಬಾಖ್‌ಮನ್ ಕೂಡ ಇದ್ದರು. ಅಂದರೆ, ಕಾಗದದ ಮೇಲಿದ್ದ ಅಂತರವನ್ನು ಜರ್ಮನಿಯ ಪೂರ್ವ ರಾಜ್ಯಗಳ ಪಕ್ಷದ ಘಟಕಗಳು ಬೀದಿಯಲ್ಲಿ ಪಾಲಿಸಲಿಲ್ಲ.