ಬಿಟ್ಟಿ ಮನೆಯ ಬಾಡಿಗೆ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಬರೆದ ಹುಡುಗಿಯ ಮೇಲಲ್ಲ. ಅವಳು ಪಾಪ, ಯಾರ ಮನಸ್ಸಿಗೂ ನೋವಾಗದ ಹಾಗೆ ಅಳೆದು ತೂಗಿ ಬರೆದಿದ್ದಾಳೆ. ಸಿಟ್ಟು ಬಂದದ್ದು ಪತ್ರದಲ್ಲಿ ಎರಡೇ ಸಲ ತಲೆ ಹಾಕುವ ಅವಳ ಅಣ್ಣನ ಮೇಲೆ.

ಸಂಗತಿ ಇಷ್ಟು. ಹುಡುಗಿ ಗದಗ ಜಿಲ್ಲೆಯ ರೋಣ ತಾಲ್ಲೂಕಿನವಳು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿಗೆ ಸೀಟು ಸಿಕ್ಕಿದೆ. ಬೆಂಗಳೂರು ಕಂಡದ್ದು ಯಾರದೋ ಮದುವೆಗೆ ಹೋದಾಗ ಮಾತ್ರ. ಉಳಿಯಲು ಮೂರು ದಾರಿ ಇವೆ. ಯಲಹಂಕದಲ್ಲಿರುವ ದೊಡ್ಡಪ್ಪನ ಮನೆ ಒಂದು, ಈ ಅಣ್ಣ ಅವರ ಮಗ. ಖರ್ಚಿಲ್ಲ, ಅಪ್ಪನ ಒಲವೂ ಅದರ ಕಡೆಗೇ. ನಾಗರಭಾವಿಯ ಪಿಜಿ ಇನ್ನೊಂದು. ಮೂವರ ಕೋಣೆ, ಊಟ ಸೇರಿ ತಿಂಗಳಿಗೆ 7,500 ರೂಪಾಯಿ. ಮೂರನೆಯದು ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಕೆಲಸಕ್ಕಿರುವ ಗೆಳತಿಯ ಜೊತೆ ಸಿಂಗಲ್ ಬೆಡ್‌ರೂಮ್ ಮನೆ. "ಯಾವ ಏರಿಯಾ ಛಲೋ ಹೇಳ್ರಿ ಮೇಡಂ" ಎಂಬುದು ಪ್ರಶ್ನೆ.

ಏರಿಯಾ ಆಮೇಲೆ ನೋಡೋಣ. ಪತ್ರದ ಎರಡನೇ ಪುಟದಲ್ಲಿ ಒಂದು ಮಾತಿದೆ: "ವೈನಿಗೆ ಕೂಸು ನಾಲ್ಕು ತಿಂಗಳದ್ದು. ಕೆಲಸದಾಕಿ ಬಿಟ್ಟು ಹೋಗ್ಯಾಳಂತ. ನಾ ಬಂದ್ರ ಅವರಿಗೂ ಒಂದು ಆಸರ ಆಗ್ತದ ಅಂತ ಅಣ್ಣ ಫೋನ್ ಮಾಡಿದ್ದ." ವೈನಿ ಅಂದರೆ ಆ ಅಣ್ಣನ ಹೆಂಡತಿ. ಅಷ್ಟು ಹೇಳಿ ಹುಡುಗಿ ಮುಂದಿನ ಸಾಲಿನಲ್ಲೇ ಪಿಜಿಯ ಅಡ್ವಾನ್ಸಿನ ಲೆಕ್ಕಕ್ಕೆ ಇಳಿದಿದ್ದಾಳೆ.

ತಂಗಿ, ಅಡ್ವಾನ್ಸಿನಲ್ಲಿ ಎರಡು ಸಾವಿರ ಮೆಂಟೆನೆನ್ಸ್ ಅಂತ ಹಿಡ್ಕೋತಾರೆ ಎಂಬುದನ್ನು ಅಷ್ಟು ಕರಾರುವಾಕ್ಕಾಗಿ ಬರೆದವಳು ಈ ಆಸರೆಯ ಲೆಕ್ಕವನ್ನು ಯಾಕೆ ಹಾಕಲಿಲ್ಲ? ದಿನವಿಡೀ ಕೂಸು ನೋಡಿಕೊಳ್ಳುವ ಹೆಂಗಸಿಗೆ ಬೆಂಗಳೂರಿನಲ್ಲಿ ಇವತ್ತು ಎಷ್ಟು ಸಂಬಳ ಅಂತ ಯಾರನ್ನಾದರೂ ಕೇಳು. ನಿನ್ನ 7,500 ಅದರ ಮುಂದೆ ಏನೂ ಅಲ್ಲ. ನಿನ್ನ ಅಣ್ಣ ನಿನಗೆ ಮನೆ ಕೊಡುತ್ತಿಲ್ಲ, ಕೆಲಸದವಳ ಸಂಬಳ ಉಳಿಸುತ್ತಿದ್ದಾನೆ. ಅದನ್ನು ನೇರವಾಗಿ ಹೇಳಿದ್ದರೆ ನಾನು ಅವನನ್ನು ಇಷ್ಟು ಬೈಯುತ್ತಿರಲಿಲ್ಲ. ಆದರೆ ಫೋನ್ ಮಾಡಿದ್ದು ನಿನಗಲ್ಲ, ನಿನ್ನ ಅಪ್ಪನಿಗೆ. ಅದೂ "ತಂಗಿ ಒಬ್ಬಾಕಿ ಪಿಜಿಯಾಗ ಯಾಕ ಇರಬೇಕು, ನಾವಿಲ್ಲೇನು" ಎಂಬ ರಾಗದಲ್ಲಿ. ಊರಲ್ಲಿ ಕೂತ ಅಪ್ಪನಿಗೆ ಅದಕ್ಕಿಂತ ಸಮಾಧಾನದ ಮಾತು ಬೇರೆ ಬೇಕೇ?

ಈ ಮನೆಯಲ್ಲಿ ನನಗೆ ನಿಜವಾಗಿ ಅಯ್ಯೋ ಅನ್ನಿಸುವುದು ನಿನ್ನ ವೈನಿಯನ್ನು ನೆನೆದು. ತವರಿನ ಬಾಣಂತನ ಮುಗಿಸಿ ಬಂದು ಹೆಚ್ಚು ದಿನ ಆಗಿರಲಿಕ್ಕಿಲ್ಲ. ರಾತ್ರಿ ನಿದ್ದೆ ಇಲ್ಲ, ಕೆಲಸದವಳೂ ಇಲ್ಲ. ಅವಳಿಗೆ ಕೈಗೊಬ್ಬರು ಬೇಕು ಎಂಬುದು ನಿಜ. ಆ ಒಬ್ಬರು ಅವಳ ಗಂಡ ಯಾಕಾಗಬಾರದು? ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾನೆ ಅಂತ ನೀನೇ ಬರೆದಿದ್ದೀಯ. ಕೂಸಿನ ಬಟ್ಟೆ ಹಿಂಡಿ ಒಣಹಾಕಲು ಎಂ.ಎಸ್ಸಿ. ಸೀಟು ಸಿಕ್ಕ ಹುಡುಗಿಯೇ ರೋಣದಿಂದ ಬರಬೇಕೇನು!

ನೀನು ಅಲ್ಲಿ ಉಳಿದೆ ಅಂತಲೇ ಇಟ್ಟುಕೊ. ಜ್ಞಾನಭಾರತಿ ನಗರದ ನೈಋತ್ಯ ಮೂಲೆ, ಮೈಸೂರು ರಸ್ತೆ ಕಡೆ. ಯಲಹಂಕ ಉತ್ತರದ ತುದಿ. ನಡುವೆ ಇಪ್ಪತ್ತೈದು ಕಿಲೋಮೀಟರಿನ ಮೇಲೆ. ರಿಂಗ್ ರೋಡಿನಲ್ಲಿ ಬಂದರೆ ಹೆಬ್ಬಾಳ, ಗೊರಗುಂಟೆಪಾಳ್ಯ ಎರಡೂ ಅಡ್ಡ ಬರುತ್ತವೆ. ಆ ಎರಡು ಹೆಸರು ಕೇಳಿದರೆ ಬೆಂಗಳೂರಿನವರು ಯಾಕೆ ನಿಟ್ಟುಸಿರು ಬಿಡುತ್ತಾರೆ ಎಂಬುದು ನಿನಗೆ ಮೊದಲ ವಾರದಲ್ಲೇ ತಿಳಿಯುತ್ತದೆ. ಇಲ್ಲವೇ ಮೆಜೆಸ್ಟಿಕ್ಕಿಗೆ ಬಸ್ಸು, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ. 2021ರಿಂದ ಜ್ಞಾನಭಾರತಿಗೇ ಒಂದು ನಿಲ್ದಾಣ ಇದೆ, ಒಳ್ಳೆಯದೇ. ಆದರೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೆ, ಮೆಟ್ರೊಗಲ್ಲ. 2025ರಲ್ಲಿ ಮೆಟ್ರೊ ದರವನ್ನೂ ಏರಿಸಿದ್ದಾರೆ. ಹೇಗೆ ಬಂದರೂ ಬೆಳಗ್ಗೆ, ಸಂಜೆ ಹತ್ತಿರ ಹತ್ತಿರ ಎರಡೆರಡು ಗಂಟೆ ದಾರಿಯಲ್ಲೇ.

ಸಂಜೆ ಲ್ಯಾಬ್ ಬಿಟ್ಟು ಮನೆ ಮುಟ್ಟಿದಾಗ ಏಳೂವರೆ, ಎಂಟು. ಚಪ್ಪಲಿ ಬಿಡುವ ಮೊದಲೇ ಕೂಸು ನಿನ್ನ ತೋಳಿಗೆ. "ಸ್ವಲ್ಪ ಹಿಡ್ಕೋ, ಒಂದು ಕಾಲ್ ಐತಿ" ಅಂತ ಅಣ್ಣ ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ದೊಡ್ಡವ್ವ ಒಲೆ ಮುಂದೆ ಒಬ್ಬರೇ ನಿಂತಿರುವುದನ್ನು ಕಂಡು ನೀನು ಚಪಾತಿ ಲಟ್ಟಿಸಲು ಕೂರುತ್ತೀಯ. ಯಾರೂ ಹೇಳಿರುವುದಿಲ್ಲ, ನೀನಾಗಿಯೇ ಕೂರುತ್ತೀಯ, ಯಾಕೆಂದರೆ ನೀನು ಬೆಳೆದದ್ದು ಹಾಗೆ. ಹನ್ನೊಂದಕ್ಕೆ ಹಾಲ್‌ನಲ್ಲಿ ಹಾಸಿಗೆ ಹಾಸಿ ರೆಕಾರ್ಡ್ ಬುಕ್ ತೆರೆದರೆ "ಲೈಟು ಕೂಸಿನ ಕಣ್ಣಿಗೆ ಬೀಳ್ತದ" ಎಂಬ ಮಾತು ಬರುತ್ತದೆ. ಯಾರೂ ಕೆಟ್ಟವರಲ್ಲ. ಆದರೆ ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ದಿನ ಅಪ್ಪ ಕೇಳುವುದು ನಿನ್ನನ್ನೇ, ಅಣ್ಣನನ್ನಲ್ಲ.

ಓದುವ ಮಕ್ಕಳನ್ನು ನೆಂಟರ ಮನೆಯಲ್ಲಿ ಇಡಬೇಡಿ ಅಂತ ಈ ಅಂಕಣದಲ್ಲಿ ಹಿಂದೆಯೂ ಬರೆದು ಬೈಸಿಕೊಂಡಿದ್ದೇನೆ, ಮುಂದೆಯೂ ಬರೆಯುವವಳೇ. ಹಿಂದೆ ವಾರಾನ್ನ ಉಂಡು ಓದಿದವರಿಲ್ಲವೇ ಅಂತ ಹಿರಿಯರು ಕೇಳುತ್ತಾರೆ. ಇದ್ದರು. ಅವರು ದಿನಕ್ಕೊಂದು ಮನೆಯಲ್ಲಿ ಉಂಡು ಎದ್ದು ಹೋಗುತ್ತಿದ್ದರು, ಯಾವ ಮನೆಗೂ ಪೂರ್ತಿ ಋಣಿಯಾಗುತ್ತಿರಲಿಲ್ಲ. ಒಂದೇ ಮನೆಯಲ್ಲಿ ಎರಡು ವರ್ಷ ಬಿಟ್ಟಿ ಇರುವವಳ ಪಾಡು ಬೇರೆ. ಬಾಡಿಗೆ ಕೊಟ್ಟಿದ್ದರೆ ನಲ್ಲಿ ಕೆಟ್ಟಿದೆ ಅಂತ ದೂರಬಹುದಿತ್ತು. ಬಿಟ್ಟಿ ಇರುವವಳು ಹಸಿವಾಯಿತು ಅನ್ನಲಿಕ್ಕೂ ಹಿಂದೆಮುಂದೆ ನೋಡುತ್ತಾಳೆ.

ಎಚ್‌ಎಸ್‌ಆರ್ ಗೆಳತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಳ ಕೆಲಸ ಅಲ್ಲಿ, ಅವಳು ಅಲ್ಲಿರಲಿ. ನಿನ್ನ ಕಾಲೇಜು ಊರಿನ ಈ ತುದಿ, ಆ ಲೇಔಟ್ ಆ ಕಡೆ. ಮೇಲಾಗಿ ಬೆಂಗಳೂರಿನಲ್ಲಿ ಮನೆ ಎಂದರೆ ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವ ಚಾಳಿ ಇನ್ನೂ ಹೋಗಿಲ್ಲ. ಎರಡು ತಿಂಗಳದ್ದು ಸಾಕು ಎನ್ನುವ ಮಾದರಿ ಬಾಡಿಗೆ ಕಾಯ್ದೆಯನ್ನು ಕೇಂದ್ರ ಸರ್ಕಾರ 2021ರಲ್ಲೇ ರಾಜ್ಯಗಳಿಗೆ ಕಳಿಸಿದೆ. ಮಾಲೀಕರ ಮುಂದೆ ಅದನ್ನು ಓದಿ ಹೇಳಿದರೆ "ಬೇರೆ ಮನೆ ನೋಡ್ಕೊಳ್ಳಿ" ಎಂಬ ಉತ್ತರ ಗ್ಯಾರಂಟಿ. ಸಂಬಳ ಎಣಿಸುವವಳ ಜೊತೆ ಅರ್ಧ ಬಾಡಿಗೆ ಹಂಚಿಕೊಳ್ಳುವ ಆಟ ವಿದ್ಯಾರ್ಥಿನಿಗೆ ಒಗ್ಗುವುದಿಲ್ಲ.

ಇನ್ನು ಏರಿಯಾ. ಜ್ಞಾನಭಾರತಿ ಸಣ್ಣ ಕ್ಯಾಂಪಸ್ ಅಲ್ಲ, ಸಾವಿರ ಎಕರೆಗೂ ಮಿಕ್ಕಿದ ಕಾಡಿನಂಥ ಜಾಗ. ಮೈಸೂರು ರಸ್ತೆ ಕಡೆ ಒಂದು ಮುಖ, ನಾಗರಭಾವಿ, ಮಲ್ಲತ್ತಹಳ್ಳಿ ಕಡೆ ಇನ್ನೊಂದು. ನಿನ್ನ ವಿಭಾಗದಿಂದ ಯಾವ ಗೇಟು ಹತ್ತಿರ ಎಂಬುದನ್ನು ಮೊದಲು ತಿಳಿದುಕೊ, ರೂಮು ಆ ಕಡೆಯೇ ಹುಡುಕು. ಮ್ಯಾಪಿನಲ್ಲಿ ಎರಡೂ ಹತ್ತಿರವೇ ಕಾಣುತ್ತವೆ. ಆದರೆ ಕತ್ತಲಾದ ಮೇಲೆ ಕ್ಯಾಂಪಸ್ಸಿನ ಮರಗಳ ನಡುವೆ ಒಬ್ಬಳೇ ಈ ತುದಿಯಿಂದ ಆ ತುದಿಗೆ ನಡೆಯುವುದು ಬೇಡ. ಹಗಲಲ್ಲೂ ಆ ಒಳರಸ್ತೆಗಳಲ್ಲಿ ಹೊರಗಿನ ವಾಹನಗಳ ಓಡಾಟ ಇರುತ್ತದೆ. 2022ರಲ್ಲಿ ಅಲ್ಲೇ ಬಸ್ಸು ಹರಿದು ಒಬ್ಬ ವಿದ್ಯಾರ್ಥಿನಿ ಜೀವ ಕಳೆದುಕೊಂಡಳು. ಹೊರಗಿನ ವಾಹನ ನಿಲ್ಲಿಸಿ ಅಂತ ಮಕ್ಕಳು ಧರಣಿ ಕೂತಿದ್ದರು.

ನಾಗರಭಾವಿ ನನಗೆ ಒಪ್ಪಿಗೆ. ಅಂಗಡಿ, ಬಸ್ಸು, ಓದುವ ಹುಡುಗಿಯರ ಓಡಾಟ ಎಲ್ಲ ಇದೆ. ಕೆಂಗೇರಿ ಉಪನಗರ ಆದರೂ ಸರಿ, ಮೆಟ್ರೊ ಇದೆ. ವಿಜಯನಗರ, ಅತ್ತಿಗುಪ್ಪೆ ಕಡೆ ಕೆಪಿಎಸ್‌ಸಿ ಕೋಚಿಂಗಿಗೆ ಬಂದ ಉತ್ತರ ಕರ್ನಾಟಕದ ಮಕ್ಕಳು ತುಂಬ. ಹಾಗಾಗಿ ಪಿಜಿಯ ಸಾಂಬಾರು ಸಾಕಾದ ದಿನ ರೊಟ್ಟಿ, ಎಣ್ಣೆಗಾಯಿ ಸಿಗುವ ಖಾನಾವಳಿ ಹುಡುಕುವ ಕಷ್ಟ ಇಲ್ಲ. ರಾಜರಾಜೇಶ್ವರಿನಗರದಲ್ಲೋ, ಇನ್ನೂ ಹೊರಗಿನ ಹೊಸ ಬಡಾವಣೆಗಳಲ್ಲೋ ನೋಡುವುದಾದರೆ ನೀರಿನ ಬಗ್ಗೆ ಕೇಳದೆ ಮುಂದೆ ಹೋಗಬೇಡ. 2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿದ್ದವು, ಆ ಭಾಗದ ಜನ ಟ್ಯಾಂಕರಿಗೆ ಕಾದು ಕೂತಿದ್ದರು. ಆ ಅಕ್ಟೋಬರಿನಲ್ಲಿ ಕಾವೇರಿ ನೀರು ಸರಬರಾಜಿನ ಐದನೇ ಹಂತ ಶುರುವಾಯಿತು ನಿಜ, ಎಲ್ಲ ಕಟ್ಟಡವೂ ಸಂಪರ್ಕ ತಗೊಂಡಿದೆ ಅಂತ ಅರ್ಥ ಅಲ್ಲ. "ಕಾವೇರಿನಾ, ಬೋರಾ, ಟ್ಯಾಂಕರಾ?" ಅಂತ ಕೇಳು. ಮಾಲೀಕರನ್ನಲ್ಲ, ಮಹಡಿ ಮೆಟ್ಟಿಲಲ್ಲಿ ಬಕೆಟ್ ಹಿಡಿದು ಎದುರಾಗುವ ಹುಡುಗಿಯನ್ನು.

ಆ ಪಿಜಿಯವರು ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೊವನ್ನು ನನಗೂ ಕಳಿಸಿದ್ದೀಯ. ಎರಡೆರಡು ಸಲ ನೋಡಿದೆ. ಹತ್ತಡಿಗೆ ಹನ್ನೆರಡಡಿ ಇರಬಹುದಾದ ಕೋಣೆ. ಮೂರು ಮಂಚ, ಮೂರು ಕಬ್ಬಿಣದ ಕಪಾಟು, ಗೋಡೆಗೆ ದೊಡ್ಡ ಟಿವಿ, ಅದರ ಪಕ್ಕ ಉದ್ದ ಕನ್ನಡಿ. ಟೇಬಲ್ ಎಲ್ಲಿ? ಒಂದು ಕುರ್ಚಿಯೂ ಇಲ್ಲ. ಮಂಚದ ಮೇಲೆ ಕಾಲು ಮಡಚಿಕೊಂಡು ಎರಡು ವರ್ಷ ಎಂ.ಎಸ್ಸಿ. ಓದಲಾಗುವುದಿಲ್ಲ, ಬೆನ್ನು ಹೋಗುತ್ತದೆ. ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ, 2024ರ ಆಗಸ್ಟ್‌ನಲ್ಲಿ, ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ಹೊರಡಿಸಿತು. ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಕಾವಲಿನವರು, ಅಡುಗೆಮನೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ. ಆ ಲೆಕ್ಕದಲ್ಲಿ ಈ ಕೋಣೆ ಇಬ್ಬರಿಗೂ ಸಾಲದು, ಮೂವರ ಮಾತು ಬಿಡು. ಟೇಪು ಹಿಡಿದು ಜಗಳಕ್ಕೆ ನಿಲ್ಲು ಅನ್ನುತ್ತಿಲ್ಲ. ಟೇಬಲ್ ಹಾಕಲು ಜಾಗ ಇರುವ ಇಬ್ಬರ ಕೋಣೆ ಕೇಳು, ಸಾವಿರ ಎರಡು ಸಾವಿರ ಹೆಚ್ಚಾದರೂ ಸರಿ. ರಾತ್ರಿ ಗೇಟು ಎಷ್ಟಕ್ಕೆ ಹಾಕುತ್ತಾರೆ, ಲ್ಯಾಬ್ ತಡವಾದರೆ ತೆಗೆಯುತ್ತಾರೋ ಇಲ್ಲವೋ, ಅದನ್ನೂ ಮೊದಲೇ ಕೇಳಿಬಿಡು.

ಈಗ ಅಣ್ಣ ಎರಡನೇ ಸಲ ತಲೆ ಹಾಕುವ ಜಾಗಕ್ಕೆ ಬರುತ್ತೇನೆ. "ಹಾಸ್ಟೆಲ್ ಸಿಗೂದು ಕಷ್ಟ ಅಂತ ಅಣ್ಣ ಹೇಳಿದ, ಹಂಗಾಗಿ ನೋಡಿಲ್ಲ" ಅಂತ ಬರೆದಿದ್ದೀಯ. ಅವನು ಯಾವತ್ತು ಅರ್ಜಿ ಹಾಕಿ ನೋಡಿದ್ದ? ವಿಶ್ವವಿದ್ಯಾಲಯಕ್ಕೆ ತನ್ನದೇ ಮಹಿಳಾ ಹಾಸ್ಟೆಲ್‌ಗಳಿವೆ. ಅದರ ಹೊರತಾಗಿ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲಿನಲ್ಲಿ. ಅಲ್ಲೂ ಸಿಗದೇ ಹೋದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಯ ಖರ್ಚಿಗೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ಲೆಕ್ಕದಲ್ಲಿ ಶುರುವಾದ ಯೋಜನೆ ಅದು. ನೀನು ಯಾವುದಕ್ಕೆ ಅರ್ಹಳು ಎಂಬುದು ನಿನ್ನ ಕಾಗದಪತ್ರ ಹೇಳಬೇಕು, ಯಲಹಂಕದ ಅಣ್ಣ ಅಲ್ಲ. ಹಾಸ್ಟೆಲ್ ಊಟದ ಬಗ್ಗೆ ನಾಲ್ಕು ಮಾತು ಕೇಳುತ್ತೀಯ, ಎಲ್ಲ ನಿಜವೇ ಇರುತ್ತದೆ. ಆದರೂ ಸೀಟು ಸಿಕ್ಕ ದಿನ ಪಿಜಿ ಬಿಟ್ಟು ಅಲ್ಲಿಗೆ ಹೋಗು. ಅದಕ್ಕೇ ಪಿಜಿಯಲ್ಲಿ ಆರು ತಿಂಗಳ ಕರಾರು ಕೇಳಿದರೆ ಒಪ್ಪಬೇಡ, ತಿಂಗಳ ಲೆಕ್ಕದಲ್ಲಿ ಇರು.

ಇಷ್ಟೆಲ್ಲ ಓದಿ ತಲೆ ಗಿರ್ ಅಂದರೆ ಮಿಕ್ಕದ್ದೆಲ್ಲ ಬಿಡು, ಒಂದು ಮಾತು ಮಾತ್ರ ನಡೆಸು. ಪಿಜಿಗೆ ಒಂದು ರೂಪಾಯಿಯನ್ನೂ ಫೋನಿನಲ್ಲಿ ಕಳಿಸಬೇಡ. ಅವ್ವನನ್ನು ಕರೆದುಕೊಂಡು ವೇಗದೂತ ಬಸ್ಸು ಹತ್ತು, ಆಧಾರ್ ಕಾರ್ಡು ತೋರಿಸಿದರೆ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ. ರಜೆಯ ದಿನ ಬೇಡ, ಕಾಲೇಜು ನಡೆಯುವ ದಿನ ಬಾ. ಸಂಜೆ ಆರೂವರೆಗೆ ನಿನ್ನ ವಿಭಾಗದ ಬಾಗಿಲಿನಿಂದ ಹೊರಟು ಆ ರೂಮಿನವರೆಗೆ ಇಬ್ಬರೂ ನಡೆದು ನೋಡಿ. ಬೀದಿ ದೀಪ ಉರಿಯುತ್ತಿದೆಯೇ, ಅಂಗಡಿ ತೆರೆದಿವೆಯೇ, ನಿನ್ನ ವಯಸ್ಸಿನ ಹುಡುಗಿಯರು ಓಡಾಡುತ್ತಿದ್ದಾರೆಯೇ ಎಂಬುದನ್ನು ಅವ್ವನ ಕಣ್ಣು ನಿನಗಿಂತ ಬೇಗ ಹಿಡಿಯುತ್ತದೆ. ಆ ದಾರಿಯಲ್ಲಿ ಅವ್ವ ನಿನ್ನ ಕೈ ಬಿಗಿಯಾಗಿ ಹಿಡಿದುಕೊಂಡರೆ ಆ ರೂಮು ಬೇಡ, ಬೇರೆ ನೋಡಿ.

ದೊಡ್ಡಪ್ಪನಿಗೆ ನೀನೇ ಫೋನ್ ಮಾಡು. ಅಪ್ಪನ ಕೈಲಿ ಮಾಡಿಸಿದರೆ ಮಾತು ಮತ್ತೆ ಅಣ್ಣನ ಕಡೆಗೇ ಜಾರುತ್ತದೆ. "ದೊಡ್ಡಪ್ಪಾ, ಕಾಲೇಜು ಭಾಳ ದೂರ ಆಗ್ತದ್ರಿ, ನಾ ಅಲ್ಲೇ ಹತ್ರ ಇರ್ತೀನಿ, ಆಗಾಗ ಐತಾರ ಬಂದು ಕೂಸಿನ್ನ ಆಡಿಸಿ ಹೋಗ್ತೀನಿ" ಅನ್ನು, ಸಾಕು. ಕಾರಣ ಕೇಳಿದರೆ ಗೊರಗುಂಟೆಪಾಳ್ಯ ಅನ್ನು, ಯಲಹಂಕದಲ್ಲಿರುವವರು ಅದಕ್ಕೆ ಎದುರು ಮಾತಾಡುವುದಿಲ್ಲ. ನೀನು ಅಲ್ಲಿಗೆ ಹೋಗುವ ಭಾನುವಾರ ವೈನಿಯನ್ನು ಎರಡು ತಾಸು ಮಲಗಲು ಬಿಡು. ಅಣ್ಣ ಚಹಾ ಕೇಳಿದರೆ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಅವನಿಗೇ ತೋರಿಸು.

ಇತ್ತ ಅಪ್ಪ ಸುಮ್ಮನೆ ಕೂತು ಚಿಂತೆ ಮಾಡುವುದು ಬೇಡ. ನೀವಿಬ್ಬರೂ ಬೆಂಗಳೂರಿಗೆ ಬಂದ ದಿನವೇ ಅವರು ನಾಡಕಚೇರಿಗೆ ಹೋಗಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಲಿ. ಹಾಸ್ಟೆಲ್ ಪೋರ್ಟಲ್ ಮೊದಲು ಕೇಳುವುದೇ ಅದನ್ನು.