ಎಂಜಿನ್ ಬದಲಾಯಿಸಿದ ಕಾರು: ಮಾರುವಾಗ ಹೇಳಲೇಬೇಕಾ?

ಖಂಡಿತ ಹೇಳಿ, ಅದೂ ಮೊದಲ ಮಾತಿನಲ್ಲೇ. ನೋಂದಣಿ ದಾಖಲೆಯಲ್ಲಿ ಎಂಜಿನ್ ನಂಬರ್ ಇದ್ದರೆ, ಅದು ಹೊಸ ಎಂಜಿನ್ ಮೇಲಿನ ನಂಬರಿಗೆ ಹೊಂದಬೇಕು. ಹೊಂದದಿದ್ದರೆ ಕದ್ದ ಎಂಜಿನ್ ಅನ್ನುವ ಅನುಮಾನ ಬರುತ್ತದೆ, ವರ್ಗಾವಣೆಯೂ ನಿಲ್ಲಬಹುದು. ದಾಖಲೆಯನ್ನು ಮೊದಲೇ ತಿದ್ದಿಸಿಕೊಳ್ಳಿ.

ಕೊಳ್ಳುವವರನ್ನು ಜಾಸ್ತಿ ಕಾಡುವ ಪ್ರಶ್ನೆ ಬೇರೆ: ಹಳೆಯ ಎಂಜಿನ್ ಯಾಕೆ ಹೋಯಿತು? ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೋರಿ ಬಿಸಿಯಾಗಿ ಹೋಗಿದ್ದರೆ, ಆ ಸೋರಿಕೆ ಸರಿಮಾಡಿಸಿದ ಬಿಲ್ಲನ್ನೂ ತೋರಿಸಿ. ಹಾಕಿದ್ದು ಹೊಸದಾ, ರೀಬಿಲ್ಡ್ ಮಾಡಿದ್ದಾ, ಬೇರೆ ಕಾರಿನದ್ದಾ, ಎಷ್ಟು ಕಿಲೋಮೀಟರಿಗೆ ಹಾಕಿದ್ದು, ಎಲ್ಲ ಬರೆದುಕೊಡಿ. ಓಡೋಮೀಟರ್ ತೋರಿಸುವುದು ಕಾರಿನ ಓಟ, ಈ ಎಂಜಿನ್‌ದಲ್ಲ. ಸಿಲಿಂಡರಿನೊಳಗಿನ ಒತ್ತಡ ಅಳೆದು ಎಂಜಿನ್ ಸ್ಥಿತಿ ಹೇಳುವ ಕಂಪ್ರೆಶನ್ ಟೆಸ್ಟ್ ವರದಿ ಇದ್ದರೆ ಇನ್ನೂ ಒಳ್ಳೆಯದು.

ಎಂಜಿನ್ನಿಗೆ ಹಾಕಿದ ದುಡ್ಡೆಲ್ಲ ಬೆಲೆಯಲ್ಲಿ ವಾಪಸ್ ಬರುವುದು ಕಷ್ಟ. ಗೇರ್‌ಬಾಕ್ಸ್, ಸಸ್ಪೆನ್ಶನ್ ಹಳೆಯವೇ ಅಲ್ವಾ?